ಮಂತ್ರ ಹೋದ ಮೇಲಿನ ಕಥೆ

ಕಥೆಯು ಮಂಗಳಾಂತವಾಗಿ ಮುಗಿದು, ಕೇಳಿದವರು ಸಂತೋಷದಿಂದ ಎದ್ದು ಮನೆಗೆ ಹೋಗಿ ಎಷ್ಟೋ ಕಾಲವಾದ ಮೇಲೆ, ಅದೇ ಕಥೆಗಾರನು ಬಂದು ಬಾಗಿಲು ತಟ್ಟಿ, "ಹೇಳುವುದು ಇನ್ನೂ ಸ್ವಲ್ಪ ಉಳಿದಿತ್ತು" ಎಂದರೆ ಅವನನ್ನು ಒಳಕ್ಕೆ ಕರೆಯಬೇಕೆ, ಬೇಡವೆ? ಈ ಪ್ರಶ್ನೆ ನಮ್ಮ ದೇಶಕ್ಕೆ ಹೊಸದಲ್ಲ. ಶ್ರೀಮದ್ರಾಮಾಯಣದ ಪಾರಾಯಣವನ್ನು ಯುದ್ಧಕಾಂಡದ ಪಟ್ಟಾಭಿಷೇಕಕ್ಕೆ ನಿಲ್ಲಿಸಿ ಮಂಗಳ ಹಾಡುವ ಮನೆಗಳು ಬಹಳ. ಮುಂದಕ್ಕೆ ಪುಟ ತಿರುವಿದರೆ ಸೀತಾದೇವಿಯನ್ನು ಮತ್ತೊಮ್ಮೆ ಕಾಡಿಗೆ ಕಳುಹಿಸಬೇಕಾಗುತ್ತದೆ; ಆ ಸಂಕಟ ಯಾರಿಗೆ ಬೇಕು? ಭವಭೂತಿಯಂಥ ಮಹಾಕವಿಯೇ ಆ ಕಾಂಡವನ್ನು ಇದ್ದಂತೆ ಬಿಡಲಾರದೆ ಏಳು ಅಂಕಗಳ ನಾಟಕವನ್ನು ಕಟ್ಟಿ, ಕೊನೆಯಲ್ಲಿ ನಾಟಕದೊಳಗೊಂದು ನಾಟಕವನ್ನು ಆಡಿಸಿ ಸತಿಪತಿಗಳನ್ನು ಕೂಡಿಸಿದನು. ನಮ್ಮ ಕುಮಾರವ್ಯಾಸನು ಗದಾಪರ್ವದೊಡನೆ, ಹತ್ತು ಪರ್ವಗಳಿಗೆ, ಭಾರತವನ್ನು ನಿಲ್ಲಿಸಿದನು. ಉಳಿದುದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿ ಪೂರ್ತಿ ಮಾಡಿದನು. ಗಮಕಿಗಳು ಆ ಹತ್ತು ಪರ್ವಗಳನ್ನು ಓದುವುದನ್ನು ನಾನು ಬಾಲ್ಯದಿಂದ ಕೇಳಿದ್ದೇನೆ. ಉಳಿದ ಪರ್ವಗಳನ್ನು ಓದಿಸಿದ ಮನೆಯನ್ನು ಕಂಡ ನೆನಪಿಲ್ಲ.

ಈ ವಿಚಾರವು ಈಗ ಮನಸ್ಸಿಗೆ ಬರಲು ಕಾರಣವಾದುದು ಒಂದು ಇಂಗ್ಲಿಷ್ ಕಥಾಪುಸ್ತಕ. ಹದಿನಾಲ್ಕು ವರ್ಷದ ನನ್ನ ಮೊಮ್ಮಗಳು ಅದನ್ನು ಅರ್ಧಕ್ಕೆ ಓದಿ, ಮುಖ ಗಂಟುಹಾಕಿಕೊಂಡು, ಕಿಟಕಿಯ ಮೇಲೆ ಬೋರಲಾಗಿ ಇಟ್ಟು ಹೋದಳು. ಕಿಶೋರವಯಸ್ಸಿನವರಿಗೆಂದು ಬರೆದ ಮಾಯಾಮಂತ್ರಗಳ ಕಥೆಯನ್ನು, ಅದೂ ಒಂದು ಮಾಲೆಯ ನಾಲ್ಕನೆಯ ಸಂಪುಟವನ್ನು, ಅರುವತ್ತು ದಾಟಿದ ಸಂಸ್ಕೃತದ ಮೇಷ್ಟರು ಓದುವುದೇ ಎಂದು ವಾಚಕರು ನಗಬಹುದು. ನಗಲಿ. ಬೃಹತ್ಕಥೆಯ ವಂಶದಲ್ಲಿ ಬಂದ ವೇತಾಳ ವಿದ್ಯಾಧರರ ಕಥೆಗಳನ್ನು ಪಠ್ಯವಾಗಿ ಓದಿದವನಿಗೆ ಈ ವಿಷಯದಲ್ಲಿ ನಾಚಿಕೆ ಅನಾವಶ್ಯಕ.

ಈ ಕಥಾಮಾಲೆಯ ಹೆಸರು ಅರ್ತ್‌ಸೀ. ನೆಲ, ಕಡಲು ಎರಡನ್ನೂ ಕೂಡಿಸಿ ಮಾಡಿದ ಹೆಸರು. ಕರ್ತೃ ಅಮೆರಿಕ ದೇಶದ ಅರ್ಸುಲಾ ಲೆ ಗ್ವಿನ್ ಎಂಬ ವಿದುಷಿ. 1929ರಲ್ಲಿ ಹುಟ್ಟಿ 2018ರಲ್ಲಿ ತೀರಿಕೊಂಡರು. ತಂದೆ ಆಲ್ಫ್ರೆಡ್ ಕ್ರೋಬರ್ ಮಾನವಶಾಸ್ತ್ರದಲ್ಲಿ ದೊಡ್ಡ ಹೆಸರು. ತಾಯಿ ಥಿಯೊಡೋರಾ ಕ್ರೋಬರ್ ತಾವೇ ಗ್ರಂಥಕರ್ತ್ರಿ. ಮಾಲೆಯ ಮೊದಲ ಪುಸ್ತಕವು 1968ರಲ್ಲಿಯೂ, ಎರಡನೆಯದು 1971ರಲ್ಲಿಯೂ, ಮೂರನೆಯದು 1972ರಲ್ಲಿಯೂ ಹೊರಬಂದುವು. ಮೂರನೆಯದಕ್ಕೆ 1973ರಲ್ಲಿ ಆ ದೇಶದ ರಾಷ್ಟ್ರೀಯ ಗ್ರಂಥಪ್ರಶಸ್ತಿ ದೊರೆಯಿತು.

ಕಥೆ ನಡೆಯುವುದು ನೂರಾರು ದ್ವೀಪಗಳಿರುವ ಒಂದು ಕಲ್ಪಿತ ಸಮುದ್ರದಲ್ಲಿ. ಅಲ್ಲಿ ಪ್ರತಿಯೊಂದು ವಸ್ತುವಿಗೂ ಒಂದು ನಿಜನಾಮವುಂಟು. ಅದನ್ನು ಬಲ್ಲವನಿಗೆ ಆ ವಸ್ತು ವಶವಾಗುತ್ತದೆ. ಮನುಷ್ಯರ ನಿಜನಾಮ ಗುಟ್ಟಾದುದು. ಪ್ರಾಣವನ್ನು ಒಪ್ಪಿಸಬಹುದಾದಷ್ಟು ನಂಬಿಕೆಯಿದ್ದವರಿಗೆ ಮಾತ್ರ ಹೇಳತಕ್ಕದ್ದು. ಶಬ್ದಾರ್ಥಗಳ ಸಂಬಂಧ ನಿತ್ಯವೆಂದು ಮೀಮಾಂಸಕರೂ, ಸಂಕೇತದಿಂದ ಬಂದುದೆಂದು ನೈಯಾಯಿಕರೂ ಮಾಡಿದ ವಾದವನ್ನು ಪಾಠಶಾಲೆಯ ಜಗಲಿಯಲ್ಲಿ ಕುಳಿತು ಗಟ್ಟಿಮಾಡಿದ ನನಗೆ, ಮೀಮಾಂಸಕರ ಪಕ್ಷವೇ ಒಂದು ಲೋಕದ ನೆಲವೂ ನೀರೂ ಆಗಿ ಹರಡಿದ್ದನ್ನು ಕಂಡು ಆದ ಆನಂದ ಅಷ್ಟಿಷ್ಟಲ್ಲ. (ಮೀಮಾಂಸಕರು ಹೆಸರನ್ನು ಬಲ್ಲವನಿಗೆ ಕಲ್ಲು ಹಾರುತ್ತದೆಂದು ಹೇಳುವುದಿಲ್ಲ, ಅಷ್ಟು ಮಾತ್ರಕ್ಕೆ ಅವರ ಮೇಲೆ ತಪ್ಪು ಹೊರಿಸಬಾರದು.) ಗಾಂಟ್ ಎಂಬ ಬೆಟ್ಟದ ದ್ವೀಪದಲ್ಲಿ ಆಡು ಕಾಯುತ್ತಿದ್ದ ಹುಡುಗನೊಬ್ಬನು ಓಗಿಯನ್ ಎಂಬ ಮೌನಿಯಾದ ಗುರುವಿನಿಂದ ಗೆಡ್ ಎಂಬ ನಿಜನಾಮವನ್ನು ಪಡೆದು, ರೋಕ್ ದ್ವೀಪದ ಮಾಂತ್ರಿಕರ ವಿದ್ಯಾಪೀಠಕ್ಕೆ ಹೋಗಿ, ಗರ್ವದಿಂದ ಒಂದು ಛಾಯಾಭೂತವನ್ನು ಎಬ್ಬಿಸಿ, ಕೊನೆಗೆ ಅದನ್ನು ತನ್ನದೇ ಹೆಸರಿನಿಂದ ಕರೆದು ಗೆಲ್ಲುವುದು ಮೊದಲ ಪುಸ್ತಕ. ಐದು ವರ್ಷದವಳಾಗಿದ್ದಾಗಲೇ ತಾಯಿತಂದೆಗಳಿಂದ ಅಗಲಿಸಲ್ಪಟ್ಟು, ನೆಲಮಾಳಿಗೆಯ ಕತ್ತಲೆಯ ದೈವಗಳಿಗೆ ಅರ್ಚಕಿಯಾದ ತೆನಾರ್ ಎಂಬ ಕನ್ಯೆಯು ಗೆಡ್ಡನನ್ನು ಸಾವಿನಿಂದ ಉಳಿಸಿ ತಾನೂ ಬಿಡುಗಡೆ ಹೊಂದುವುದು ಎರಡನೆಯದು. ಮೂರನೆಯದರಲ್ಲಿ ಗೆಡ್ ಸಮಸ್ತ ಮಾಂತ್ರಿಕರಿಗೆ ಅಧಿಪತಿ. ಜೀವಲೋಕಕ್ಕೂ ಪ್ರೇತಲೋಕಕ್ಕೂ ನಡುವೆ ಒಬ್ಬ ದುರಾತ್ಮನು ತೆರೆದಿಟ್ಟ ಬಿರುಕನ್ನು ಮುಚ್ಚುವುದಕ್ಕಾಗಿ ತನ್ನ ಮಂತ್ರಶಕ್ತಿಯನ್ನೆಲ್ಲ ಸುರಿದುಬಿಡುತ್ತಾನೆ. ಒಂದು ತೊಟ್ಟೂ ಉಳಿಯುವುದಿಲ್ಲ. ಕಲೆಸಿನ್ ಎಂಬ ಪುರಾತನ ಘಟಸರ್ಪವು ಅವನನ್ನು ಬೆನ್ನಿನ ಮೇಲೆ ಹೊತ್ತು ಹುಟ್ಟೂರಿನ ಕಡೆಗೆ ಹಾರಿಹೋಗುತ್ತದೆ. ಅವನ ಸಂಗಡ ಹೋಗಿದ್ದ ತರುಣನು ರಾಜನಾಗುತ್ತಾನೆ. ಮುಂದೆ ಗೆಡ್ಡನಿಗೆ ಏನಾಯಿತೆಂಬುದನ್ನು ಜನ ಎರಡು ಬಗೆಯಾಗಿ ಹೇಳುತ್ತಾರೆಂದು ತಿಳಿಸಿ ಗ್ರಂಥಕರ್ತ್ರಿ ಪುಸ್ತಕವನ್ನು ಮುಚ್ಚಿದರು. ಪಟ್ಟಾಭಿಷೇಕವಾಯಿತು, ಮಂಗಳ.

ಹದಿನೆಂಟು ವರ್ಷಗಳ ಮೇಲೆ, 1990ರಲ್ಲಿ, ಬಾಗಿಲು ತಟ್ಟಿದ ಸದ್ದಾಯಿತು. "ತೆಹಾನು" ಎಂಬ ನಾಲ್ಕನೆಯ ಸಂಪುಟ ಬಂದಿತು. ಅರ್ತ್‌ಸೀಯ ಕೊನೆಯ ಪುಸ್ತಕವೆಂದು ಅದರ ಮುಖಪುಟದಲ್ಲಿಯೇ ಬರೆದಿತ್ತು. (ಅದು ಕೊನೆಯದಾಗಲಿಲ್ಲ, 2001ರಲ್ಲಿ ಇನ್ನೆರಡು ಬಂದುವು. ಗ್ರಂಥಕರ್ತರ ಪ್ರತಿಜ್ಞೆಗಳನ್ನು ಅಕ್ಷರಶಃ ನಂಬಬಾರದು.) ಈ ನಡುವೆ ಲೋಕದಲ್ಲಿ ಹದಿನೆಂಟು ವರ್ಷಗಳು ಕಳೆದಿದ್ದುವು, ಕಥೆಯೊಳಗೆ ಮಾತ್ರ ಒಂದು ದಿನವೂ ಕಳೆದಿರಲಿಲ್ಲ. ಮೂರನೆಯ ಪುಸ್ತಕದ ಕೊನೆಯಲ್ಲಿ ಹಾರಿದ ಘಟಸರ್ಪವು ನಾಲ್ಕನೆಯದರಲ್ಲಿ ಬಂದು ಇಳಿಯುತ್ತದೆ. ನಾಯಕನಿಗೆ ಆಕಾಶದಲ್ಲಿ ಮುಪ್ಪು ಬರಲಿಲ್ಲ, ವಯಸ್ಸಾದುದು ಬರೆಯುವವರಿಗೆ. ಈಚಿನ ಕಾಲದ ಹ್ಯಾರಿ ಪಾಟರನ ಏಳು ಸಂಪುಟಗಳು 1997ರಿಂದ 2007ರವರೆಗೆ ಬಂದಾಗ ಓದುವ ಮಕ್ಕಳೂ ನಾಯಕನೂ ಸರಿಸಮನಾಗಿ ಬೆಳೆದರಷ್ಟೆ. ಆ ಸೌಖ್ಯ ಈ ಮಾಲೆಯ ಓದುಗರಿಗೆ ಒದಗಲಿಲ್ಲ. ಹನ್ನೆರಡು ವರ್ಷದಲ್ಲಿ ಮೂರನೆಯದನ್ನು ಓದಿದವರು ಮೂವತ್ತರಲ್ಲಿ ನಾಲ್ಕನೆಯದನ್ನು ಕೈಗೆತ್ತಿಕೊಳ್ಳಬೇಕಾಯಿತು.

ನನ್ನ ಮೊಮ್ಮಗಳಿಗೆ ಎರಡರ ನಡುವೆ ಇದ್ದುದು ಒಂದು ವಾರ.

"ಏಕಮ್ಮ, ಅರ್ಧಕ್ಕೆ ಬಿಟ್ಟೆ?" ಎಂದು ಕೇಳಿದೆನು.

"ಇದು ಗೆಡ್ ಅಲ್ಲ ತಾತ. ಬಂದಾಗಿನಿಂದ ಅಳುತ್ತಾನೆ, ಅಡಗಿಕೊಳ್ಳುತ್ತಾನೆ. ರಾಜ ಕರೆದುಕೊಂಡು ಬನ್ನಿ ಎಂದು ಜನರನ್ನು ಕಳುಹಿಸಿದರೆ ಮುಖ ತೋರಿಸದೆ ಬೆಟ್ಟಕ್ಕೆ ಓಡಿಹೋಗಿ ಆಡು ಕಾಯುತ್ತಾನೆ. ಇಷ್ಟು ಹೇಳುವುದಕ್ಕೆ ಇನ್ನೊಂದು ಪುಸ್ತಕ ಬೇಕಾಗಿತ್ತೆ?"

ಇದು ಬಲವಾದ ಪೂರ್ವಪಕ್ಷ. ಅವಳು ಹೇಳಿದುದರಲ್ಲಿ ಸುಳ್ಳೊಂದೂ ಇಲ್ಲ. ಪುಸ್ತಕದ ಮುಖ್ಯಪಾತ್ರವೂ ಗೆಡ್ ಅಲ್ಲ, ತೆನಾರ್. ಆಕೆ ಈಗ ನಡುವಯಸ್ಸಿನ ವಿಧವೆ. ವಿದ್ಯೆಯನ್ನು ಓಗಿಯನ್ ಕಲಿಸುತ್ತೇನೆಂದರೂ ಅದನ್ನು ಬಿಟ್ಟು ಒಬ್ಬ ರೈತನನ್ನು ಮದುವೆಯಾಗಿ, ಎರಡು ಮಕ್ಕಳನ್ನು ಹೆತ್ತು ಬೆಳೆಸಿ, ಗಂಡ ತೀರಿಕೊಂಡ ಮೇಲೆ ತೋಟದ ಮನೆಯಲ್ಲಿ ಒಬ್ಬಳೇ ಇದ್ದಾಳೆ. ಊರಿನವರು ಆಕೆಯನ್ನು ಕರೆಯುವ ಹೆಸರು ಗೋಹಾ. ಆ ದ್ವೀಪದ ಮಾತಿನಲ್ಲಿ ಒಂದು ಬಿಳಿಯ ಜೇಡದ ಹೆಸರು. ಆಕೆಯ ಬಳಿಗೆ ಒಂದು ಮಗು ಬರುತ್ತದೆ. ಹೆತ್ತವರೂ ಅವರ ಜೊತೆಯವರೂ ಹಿಂಸಿಸಿ, ಕೆಡಿಸಿ, ಬೆಂಕಿಗೆ ನೂಕಿ ಬಿಟ್ಟುಹೋದ ಹೆಣ್ಣುಮಗು. ಮುಖದ ಒಂದು ಪಕ್ಕ ಸುಟ್ಟುಹೋಗಿದೆ, ಒಂದು ಕಣ್ಣಿಲ್ಲ, ಒಂದು ಕೈ ಕೊರಡಾಗಿದೆ. ಇದನ್ನು ಓದುವಾಗ ಪುಸ್ತಕವನ್ನು ಮಕ್ಕಳ ಕೈಗೆ ಕೊಡಬಹುದೇ ಎಂಬ ಶಂಕೆ ನನಗೂ ಹುಟ್ಟಿತು. ಆದರೆ ಗ್ರಂಥಕರ್ತ್ರಿ ಆ ಘೋರವನ್ನು ಒಂದೆಡೆಯೂ ಬಣ್ಣಿಸಿ ರುಚಿನೋಡುವುದಿಲ್ಲ. ನಡೆದುಹೋಯಿತೆಂದು ಹೇಳಿ, ಆಮೇಲೆ ಆ ಮಗು ಹೇಗೆ ಉಣ್ಣುತ್ತದೆ, ಹೇಗೆ ನಿದ್ರೆಮಾಡುತ್ತದೆ, ಹೊಸಬರು ಬಂದರೆ ಎಲ್ಲಿ ಅವಿತುಕೊಳ್ಳುತ್ತದೆ ಎಂಬುದರ ಕಡೆಗೆ ನಮ್ಮ ಗಮನವನ್ನು ತಿರುಗಿಸುತ್ತಾರೆ. ದಿನವೂ ವೃತ್ತಪತ್ರಿಕೆ ಬರುವ ಮನೆಯಲ್ಲಿ ಬೆಳೆಯುವ ಮಕ್ಕಳಿಂದ ಇಂಥ ಪುಸ್ತಕವನ್ನು ಬಚ್ಚಿಡುವುದರಲ್ಲಿ ಅರ್ಥವಿಲ್ಲ. ಹತ್ತು ವರ್ಷದ ಮಗುವಿಗಾದರೆ ಕೊಡಲಾರೆ. ಹದಿನಾಲ್ಕಕ್ಕೆ, ಮನೆಯಲ್ಲಿ ಮಾತನಾಡಲು ಒಬ್ಬರಿದ್ದರೆ, ಕೊಡಬಹುದು.

ಇನ್ನು ಗೆಡ್ಡನ ಮಾತು. ಮೊಮ್ಮಗಳ ಆಕ್ಷೇಪಣೆಯನ್ನು ಕೇಳಿದಾಗ ನನಗೆ ತಟ್ಟನೆ ನೆನಪಾದುದು ವ್ಯಾಸಭಾರತದ ಮೌಸಲಪರ್ವ. ಯಾದವರು ಹೊಡೆದಾಡಿ ಸತ್ತಿದ್ದಾರೆ, ಕೃಷ್ಣನಿಲ್ಲ, ದ್ವಾರಕೆಯನ್ನು ಸಮುದ್ರ ನುಂಗಿದೆ. ಉಳಿದ ಸ್ತ್ರೀಯರನ್ನೂ ಮಕ್ಕಳನ್ನೂ ವೃದ್ಧರನ್ನೂ ಕರೆದುಕೊಂಡು ಅರ್ಜುನನು ಬರುತ್ತಿರುವಾಗ ಪಂಚನದದಲ್ಲಿ ಆಭೀರರು ದೊಣ್ಣೆಗಳನ್ನು ಹಿಡಿದು ಮೇಲೆ ಬೀಳುತ್ತಾರೆ. ಖಾಂಡವವನ್ನು ಸುಟ್ಟ ಗಾಂಡೀವಕ್ಕೆ ಹೆದೆಯೇರಿಸುವುದೇ ಅವನಿಗೆ ಕಷ್ಟವಾಗುತ್ತದೆ. ಅಸ್ತ್ರಗಳನ್ನು ನೆನೆದರೆ ಒಂದೂ ನೆನಪಿಗೆ ಬರುವುದಿಲ್ಲ. ಅಕ್ಷಯವೆನಿಸಿದ್ದ ಬತ್ತಳಿಕೆಯ ಬಾಣಗಳು ಮುಗಿದುಹೋಗುತ್ತವೆ. ಕೊನೆಗೆ ಬಿಲ್ಲಿನ ತುದಿಯಿಂದಲೇ ಹೊಡೆಯುತ್ತಾನೆ. ಕಣ್ಣೆದುರಿನಲ್ಲಿಯೇ ಸ್ತ್ರೀಯರನ್ನು ಕಳ್ಳರು ಒಯ್ಯುತ್ತಾರೆ. ಅವನು ವ್ಯಾಸರ ಆಶ್ರಮಕ್ಕೆ ಹೋಗಿ ಅತ್ತಾಗ, ಅಸ್ತ್ರಗಳು ಬಂದ ಕೆಲಸವನ್ನು ಮುಗಿಸಿ ಹೋದುವು, ಇದು ಕಾಲದ ಮಹಿಮೆ, ನೀವೂ ಹೊರಡುವ ಸಮಯ ಬಂದಿತು ಎಂಬ ಅಭಿಪ್ರಾಯದ ಮಾತನ್ನು ಋಷಿಗಳು ಹೇಳುತ್ತಾರೆ. ಕುರುಕ್ಷೇತ್ರದ ಅರ್ಜುನನನ್ನು ಮೆಚ್ಚಿದವರಿಗೆ ಈ ಅರ್ಜುನನೂ "ಅವನಲ್ಲ" ಎಂದೇ ತೋರುತ್ತದೆ. ಈ ಪರ್ವವನ್ನು ನಮ್ಮ ಮನೆಗಳಲ್ಲಿ ಓದಿಸದಿರುವುದಕ್ಕೆ ಇದೇ ಕಾರಣವಿದ್ದರೂ ಇರಬಹುದು.

ಆದರೆ ಮೌಸಲದ ಮುಂದೆ ಏನಾಗುತ್ತದೆ? ಅರ್ಜುನನು ಬದುಕುವುದಿಲ್ಲ. ಅಗ್ನಿಯ ಮಾತಿನಂತೆ ಗಾಂಡೀವವನ್ನು ನೀರಿಗೆಸೆದು, ಅಣ್ಣತಮ್ಮಂದಿರೊಡನೆ ಹಿಮಾಲಯವನ್ನು ಹತ್ತಿ, ದಾರಿಯಲ್ಲಿ ಬೀಳುತ್ತಾನೆ. ವ್ಯಾಸರು ಅವನಿಗೆ ಮಹಾಪ್ರಸ್ಥಾನವನ್ನು ಕೊಟ್ಟರು. ಶಕ್ತಿ ಹೋದ ವೀರನಿಗೆ ಅದು ಗೌರವದ ದಾರಿ. ಅವನು ಮರುದಿನ ಬೆಳಿಗ್ಗೆ ಎದ್ದು ಏನು ಮಾಡಿದನೆಂಬ ಪ್ರಶ್ನೆಯೇ ಏಳುವುದಿಲ್ಲ. ಲೆ ಗ್ವಿನ್ ಮಾಡಿದ ಸಾಹಸವೆಂದರೆ ಆ ಪ್ರಶ್ನೆಯನ್ನು ಏಳಗೊಟ್ಟದ್ದು. ಅವರ ವೀರನಿಗೆ ಹಿಮಾಲಯವಿಲ್ಲ. ಘಟಸರ್ಪದ ಬೆನ್ನಿನಿಂದ ಇಳಿದವನಿಗೆ ಜ್ವರ ಬರುತ್ತದೆ, ಗಂಜಿ ಬೇಕಾಗುತ್ತದೆ, ಹಾಸಿಗೆಯಿಂದೆದ್ದ ಮೇಲೆ ಮಾಡಲು ಕೆಲಸ ಬೇಕಾಗುತ್ತದೆ. ಅವನು ಕಲಿತ ಕೆಲಸ ಮಂತ್ರವೊಂದೇ. ಅದಕ್ಕೆ ಮುಂಚೆ ಕಲಿತದ್ದು ಆಡು ಕಾಯುವುದು. ಆದುದರಿಂದ ಆಡು ಕಾಯಲು ಹೋಗುತ್ತಾನೆ.

ಸಾಮ್ಯ ಇಷ್ಟಕ್ಕೇ ನಿಲ್ಲುವುದಿಲ್ಲ. ಮಗುವನ್ನು ಹಾಳುಮಾಡಿದ ದುಷ್ಟರು ಅದನ್ನು ಮತ್ತೆ ಹಿಡಿಯಲೆಂದು ಒಂದು ರಾತ್ರಿ ತೆನಾರಳ ಮನೆಯನ್ನು ಮುತ್ತುತ್ತಾರೆ. ಆಗ ಗೆಡ್ ಅಲ್ಲಿಗೆ ಬಂದೊದಗುತ್ತಾನೆ. ಅವನ ಕೈಯಲ್ಲಿರುವುದು ಹುಲ್ಲು ಎತ್ತುವ ಕವೆಗೋಲು. ಅರ್ಜುನನು ಬಿಲ್ಲಿನ ತುದಿಯಿಂದ ಹೊಡೆದಂತೆ ಇವನು ಕವೆಗೋಲಿನಿಂದ ತಿವಿಯುತ್ತಾನೆ. ಅರ್ಜುನನಿಂದಾಗದುದು ಇವನಿಂದಾಗುತ್ತದೆ. ಹಾಗಾದುದು ಇವನು ಅರ್ಜುನನಿಗಿಂತ ದೊಡ್ಡವನೆಂದಲ್ಲ. ಎದುರಿಗಿದ್ದವರು ಕೆಲವೇ ಮಂದಿ, ಬಾಗಿಲಿನ ಒಳಗೆ ತೆನಾರಳೂ ಕತ್ತಿ ಹಿಡಿದು ನಿಂತಿದ್ದಳು. ಇದನ್ನು ಓದಿದ ಮೇಲೆ ಮೌಸಲಪರ್ವದ ಬೇರೊಂದು ಸಂಗತಿ ನನ್ನನ್ನು ಕಾಡಿತು. ಆಭೀರರು ಒಯ್ದ ಆ ಸ್ತ್ರೀಯರೇನಾದರು? ನಾನು ಆ ಪರ್ವವನ್ನು ಎಷ್ಟೋ ಸಲ ಓದಿದ್ದೇನೆ, ವಿದ್ಯಾರ್ಥಿಗಳಿಗೆ ಅರ್ಥ ಹೇಳಿದ್ದೇನೆ. ಅರ್ಜುನನ ದುಃಖಕ್ಕೆ ಮರುಗಿದ್ದೇನೆ. ಈ ಪ್ರಶ್ನೆಯನ್ನು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಲೆ ಗ್ವಿನ್ನರ ಪುಸ್ತಕವು ಪ್ರಾರಂಭವಾಗುವುದೇ ಅಂಥ ಒಬ್ಬಳಿಂದ.

ಗೆಡ್ಡನಿಗೆ ಬಂದ ನಾಚಿಕೆಯ ಸ್ವರೂಪವನ್ನು ಮೊಮ್ಮಗಳಿಗೆ ವಿವರಿಸುವುದು ನನಗೆ ಸಾಧ್ಯವಾಗಲಿಲ್ಲ. ಅದು ಹದಿನಾಲ್ಕು ವರ್ಷಕ್ಕೆ ತಿಳಿಯತಕ್ಕದ್ದಲ್ಲ. ನಾನು ಪೆನ್ಷನ್ ಪಡೆದು ಮನೆಗೆ ಬಂದ ಮೊದಲ ತಿಂಗಳಿನ ಸಂಗತಿ ಇದು. ಬೆಳಿಗ್ಗೆ ಹತ್ತು ಗಂಟೆಯಾಯಿತೆಂದರೆ ಕಾಲು ತಾನಾಗಿಯೇ ಚಪ್ಪಲಿಯ ಕಡೆಗೆ ಹೋಗುತ್ತಿತ್ತು. ಹೋಗುವುದಕ್ಕೆ ಸ್ಥಳವಿರಲಿಲ್ಲ. ಮನೆಯಲ್ಲಿ ಯಾರಾದರೂ ತಪ್ಪು ಉಚ್ಚಾರಣೆ ಮಾಡಿದರೆ ಗದರುತ್ತಿದ್ದೆನು. ಹಳೆಯ ವಿದ್ಯಾರ್ಥಿಯೊಬ್ಬನು, ಈಗ ದೊಡ್ಡ ಅಧಿಕಾರಿ, ನೋಡಲು ಬಂದಾಗ ಹಿತ್ತಲಲ್ಲಿದ್ದ ನಾನು "ಮನೆಯಲ್ಲಿಲ್ಲವೆಂದು ಹೇಳು" ಎಂದು ಹೆಂಡತಿಗೆ ಸನ್ನೆ ಮಾಡಿದೆನು. ಅವನು ನಮಸ್ಕಾರ ಮಾಡುವುದು ಯಾರಿಗೆ? ಆ ಮೇಷ್ಟರು ಹೋಗಿ ಆಗಿತ್ತು. ನನ್ನ ಹೆಂಡತಿ ಸುಳ್ಳು ಹೇಳಲೊಪ್ಪದೆ, "ಹಿತ್ತಲಲ್ಲಿ ಅಡಗಿದ್ದಾರೆ, ಕರೆಯುತ್ತೇನೆ" ಎಂದು ಗಟ್ಟಿಯಾಗಿಯೇ ಹೇಳಿದಳು. ಮಾಂತ್ರಿಕಾಧಿಪತಿಗೂ ಹೈಸ್ಕೂಲಿನ ಸಂಸ್ಕೃತ ಪಂಡಿತನಿಗೂ ಅಜಗಜಾಂತರ ಎನ್ನುವಿರಿ, ನಿಜ. ಆದರೂ ರಾಜದೂತರು ಬಂದಾಗ ಗೆಡ್ ಓಡಿಹೋಗುವ ಪುಟಗಳನ್ನು ಓದುವಾಗ ನನ್ನ ಕಿವಿ ಬಿಸಿಯಾಯಿತು. ಅವನಿಗೆ ಅಲ್ಲಿ ಯಾರ ಭಯವೂ ಇಲ್ಲ. ರಾಜನಿಗೆ ಅವನ ಮೇಲೆ ಭಕ್ತಿ, ಪ್ರೀತಿ. ಆ ಪ್ರೀತಿಯನ್ನು ಎದುರಿಸುವುದೇ ಅವನಿಗೆ ಆಗದು. ತಾನು ಈಗ ಅದಕ್ಕೆ ವಿಳಾಸವಲ್ಲವೆಂದು ಅವನ ಭಾವನೆ.

ಹಾಗಾದರೆ ಈ ಉತ್ತರಕಥೆ ನಮ್ಮನ್ನು ಕೇಳುವುದೇನು? ನೀವು ಮೂರು ಪುಸ್ತಕಗಳುದ್ದಕ್ಕೂ ಮೆಚ್ಚಿದುದು ಗೆಡ್ಡನನ್ನೋ, ಅವನ ಕೈಯಲ್ಲಿದ್ದ ದಂಡವನ್ನೋ ಎಂದು. ಮೂರು ಪುಸ್ತಕಗಳಲ್ಲಿ ಈ ಎರಡನ್ನೂ ಬೇರೆಮಾಡುವ ಅವಕಾಶವೇ ಇರಲಿಲ್ಲ. ಗುಣ ಗುಣಿಗಳು ಅಂಟಿಕೊಂಡಿದ್ದುವು. ದಂಡವನ್ನು ತೆಗೆದುಹಾಕಿದ ಮೇಲೆ ಮಾತ್ರ ಪರೀಕ್ಷೆ ಸಾಧ್ಯ. ನನ್ನ ಮೊಮ್ಮಗಳು ಪುಸ್ತಕವನ್ನು ಬೋರಲಾಗಿ ಇಟ್ಟಳು. ಆಕೆಯ ಮಟ್ಟಿಗೆ ಉತ್ತರ ದೊರೆಯಿತು. ಗ್ರಂಥಕರ್ತ್ರಿಯು ಇದರಿಂದ ಓದುಗರಿಗೆ ದ್ರೋಹ ಮಾಡಿದರೆಂದು ಹೇಳುವವರುಂಟು. ಮಕ್ಕಳಿಗೆ ಕೊಟ್ಟ ಆಟಿಕೆಯನ್ನು ಹಿಂದಕ್ಕೆ ತೆಗೆದುಕೊಂಡು ಮುರಿದು ಕೊಟ್ಟಂತಾಯಿತೆಂದು ಅವರ ವಾದ. ನಾನು ಒಪ್ಪಲಾರೆನು. ಆಟಿಕೆ ಮುರಿದುದು ಮೂರನೆಯ ಪುಸ್ತಕದಲ್ಲಿಯೇ. ಗೆಡ್ ಶಕ್ತಿಯನ್ನು ಕಳೆದುಕೊಂಡುದು ಅಲ್ಲಿ. ಆಗ ಅದನ್ನು ಘಟಸರ್ಪದ ರೆಕ್ಕೆಯ ಗಾಳಿಯಲ್ಲಿ ನಾವು ಗಮನಿಸದೆ ಚಪ್ಪಾಳೆ ತಟ್ಟಿದೆವು. ನಾಲ್ಕನೆಯ ಪುಸ್ತಕವು ಹೊಸದಾಗಿ ಏನನ್ನೂ ಕಿತ್ತುಕೊಳ್ಳುವುದಿಲ್ಲ. ಲೆಕ್ಕವನ್ನು ಓದಿ ಹೇಳುತ್ತದೆ, ಅಷ್ಟೆ.

ಗ್ರಂಥಕರ್ತ್ರಿಯೇ 1992ರಲ್ಲಿ ಆಕ್ಸ್‌ಫರ್ಡಿನಲ್ಲಿ ಮಾಡಿದ ಒಂದು ಉಪನ್ಯಾಸದಲ್ಲಿ ತಮ್ಮ ಸಮಾಧಾನವನ್ನು ಹೇಳಿದ್ದಾರೆ. ವೀರಕಥೆಯೆಂಬುದು ಗಂಡಸರ ಸುತ್ತ ಬೆಳೆದ ಸಂಪ್ರದಾಯವೆಂದೂ, ಮೊದಲ ಪುಸ್ತಕಗಳನ್ನು ಬರೆಯುವಾಗ ತಾವೂ ಅದನ್ನು ಪ್ರಶ್ನಿಸದೆ ಅನುಸರಿಸಿದರೆಂದೂ, ಹೆಂಗಸಿನ ಕಣ್ಣಿನಿಂದ ಆ ಲೋಕವನ್ನು ನೋಡುವುದನ್ನು ಆಮೇಲೆ ಕಲಿಯಬೇಕಾಯಿತೆಂದೂ ಅದರ ಭಾವ. ಯೋಚಿಸಿ ನೋಡಿದರೆ ರೋಕಿನ ವಿದ್ಯಾಪೀಠದಲ್ಲಿ ಹುಡುಗಿಯರಿಗೆ ಪ್ರವೇಶವಿಲ್ಲವೆಂಬುದು ಮೊದಲ ಪುಸ್ತಕದಿಂದಲೂ ಇದೆ. ಹೆಂಗಸರ ಮಂತ್ರವೆಂದರೆ ದುರ್ಬಲವಾದುದು, ಕೆಟ್ಟದ್ದು ಎಂಬ ಅರ್ಥದ ಗಾದೆಗಳು ಆ ದ್ವೀಪದಲ್ಲಿ ಪ್ರಸಿದ್ಧ. ಮೊದಲ ಸಲ ಓದುವಾಗ ಅದು ಕಣ್ಣಿಗೆ ಬೀಳುವುದಿಲ್ಲ. ಲೋಕವೇ ಹಾಗಿದೆ ಎನ್ನಿಸುತ್ತದೆ. ನಾಲ್ಕನೆಯದರಲ್ಲಿ ಮಾಸ್ ಎಂಬ ಹಳ್ಳಿಯ ಮಾಟಗಾತಿಯೊಬ್ಬಳು ಬರುತ್ತಾಳೆ: ಕೊಳಕು ಬಟ್ಟೆ, ಅರೆಬರೆ ವಿದ್ಯೆ, ಅಸಂಬದ್ಧ ಮಾತು, ಸಾಯುವವರ ಹಾಸಿಗೆಯ ಬಳಿ ಕುಳಿತುಕೊಳ್ಳಲು ಮಾತ್ರ ಅವಳೇ ಬೇಕು. ರೋಕಿನ ಪಂಡಿತರೊಬ್ಬರು ಮುಂದಿನ ಅಧಿಪತಿಯನ್ನು ಹುಡುಕುತ್ತ ಬರುತ್ತಾರೆ. ಗಾಂಟ್ ದ್ವೀಪದಲ್ಲಿ ಒಬ್ಬ ಹೆಂಗಸು ಎಂಬಷ್ಟೇ ಅವರಿಗೆ ದೊರೆತಿರುವ ಸೂಚನೆ. ಎದುರಿಗೆ ತೆನಾರ್ ನಿಂತಿದ್ದರೂ, ಆ ಹೆಂಗಸು ಯಾವ ಗಂಡಸನ್ನು ತೋರಿಸಿಕೊಟ್ಟಾಳೆಂದು ಅವರು ಯೋಚಿಸುತ್ತಾರೆ! ಈ ಪ್ರಸಂಗವನ್ನು ಓದುವಾಗ ನಾನು ನಕ್ಕೆನು. ಆಮೇಲೆ ನಗು ನಿಂತಿತು.

ನಾನು ಓದಿದ ಪಾಠಶಾಲೆಯ ಕೆಳತರಗತಿಗಳು ಗುರುಗಳ ಮನೆಯ ಜಗಲಿಯಲ್ಲಿ ನಡೆಯುತ್ತಿದ್ದುವು. ನಮ್ಮ ಮನೆ ಅದಕ್ಕೆ ಒಂದೇ ಗೋಡೆಯ ಆಚೆ. ನನಗಿಂತ ಮೂರು ವರ್ಷ ದೊಡ್ಡವಳಾದ ನನ್ನ ಅಕ್ಕ ಕಿಟಕಿಯ ಹತ್ತಿರ ಅಕ್ಕಿ ಆರಿಸುತ್ತ ಕುಳಿತಿರುತ್ತಿದ್ದಳು. ನಾನು ಅಮರಕೋಶವನ್ನು ಪೆಟ್ಟು ತಿಂದು ಕಲಿತೆನು. ಆಕೆ ಅಕ್ಕಿ ಆರಿಸುತ್ತ ಕಲಿತಳು. ಒಂದು ದಿನ ನಾನು ದ್ವಿತೀಯಕಾಂಡದ ವನೌಷಧಿವರ್ಗವನ್ನು ಒಪ್ಪಿಸುವಾಗ ನಡುವೆ ತಡೆದು ನಿಂತೆನು. ಕಿಟಕಿಯಿಂದ ಮೆಲ್ಲನೆ ಮುಂದಿನ ಪಾದ ಬಂದಿತು. ನಾನು ಎತ್ತಿಕೊಂಡು ಕೊನೆಯವರೆಗೂ ಹೇಳಿದೆನು. ಗುರುಗಳಿಗೆ ಕಿವಿ ಮಂದ. ಅವರು ಸಂತೋಷಪಟ್ಟು ಹತ್ತು ಜನರ ಮುಂದೆ ನನ್ನ ಬೆನ್ನು ತಟ್ಟಿದರು. "ಅಕ್ಕ ಹೇಳಿಕೊಟ್ಟಳು" ಎಂದು ನಾನು ಹೇಳಬಹುದಾಗಿತ್ತು. ಹೇಳಲಿಲ್ಲ. ಮುಂದಿನ ವರ್ಷ ಆಕೆಗೆ ಗಂಡು ಗೊತ್ತಾಯಿತು. ನಾನು ವಿದ್ವತ್ ಪರೀಕ್ಷೆಯವರೆಗೂ ಓದಿ, ಆ ವಿದ್ಯೆಯಿಂದಲೇ ಮೂವತ್ತು ವರ್ಷಗಳ ಮೇಲೆ ಅನ್ನ ತಿಂದೆನು. ಈ ವಿಷಯವನ್ನು ಇದುವರೆಗೆ ಯಾರಿಗೂ ಹೇಳಿರಲಿಲ್ಲ, ಮರೆತಿದ್ದೆನೆಂದರೂ ಸರಿಯೇ. ನನ್ನ ಬಾಲ್ಯದ ಕಥೆಯನ್ನು ನಾನು ಹೇಳುವಾಗಲೆಲ್ಲ ಅದರಲ್ಲಿ ಜಗಲಿ ಇರುತ್ತಿತ್ತು, ಗುರುಗಳ ಬೆತ್ತವಿರುತ್ತಿತ್ತು, ಕಿಟಕಿ ಇರುತ್ತಿರಲಿಲ್ಲ.

ಪುಸ್ತಕದಲ್ಲಿ ದೋಷಗಳಿಲ್ಲವೆಂದು ಇದರಿಂದ ತಿಳಿಯಬಾರದು. ಆಸ್ಪೆನ್ ಎಂಬ ದುಷ್ಟಮಾಂತ್ರಿಕನು ಬರಿಯ ದ್ವೇಷದ ಮುದ್ದೆ. ಅವನಿಗೆ ಒಳಗೆಂಬುದೇ ಇಲ್ಲ. ಗಂಡಸರಲ್ಲಿ ರಾಜನನ್ನೂ ಗೆಡ್ಡನನ್ನೂ ಇನ್ನೊಬ್ಬಿಬ್ಬರನ್ನೂ ಬಿಟ್ಟರೆ ಉಳಿದವರೆಲ್ಲ ದಡ್ಡರು ಇಲ್ಲವೆ ಕ್ರೂರಿಗಳು. ನ್ಯಾಯ ಬೇಡುವ ಪುಸ್ತಕದಲ್ಲಿ ಇದು ಒಪ್ಪುವುದಿಲ್ಲ. ಎಲ್ಲಕ್ಕಿಂತ ದೊಡ್ಡ ದೋಷ ಕೊನೆಯಲ್ಲಿದೆ. ಆ ದುಷ್ಟನು ತೆನಾರ್ ಗೆಡ್ಡರನ್ನು ಮಂತ್ರದಿಂದ ಕಟ್ಟಿ ಕಡಿದಾದ ಬಂಡೆಯ ಅಂಚಿಗೆ ಎಳೆದೊಯ್ದಾಗ, ಸುಟ್ಟ ಮಗುವು ಸತ್ಯಭಾಷೆಯಲ್ಲಿ ಕೂಗಿ ಘಟಸರ್ಪವನ್ನು ಕರೆಯುತ್ತದೆ. ಅದು ಬಂದು ಬೆಂಕಿಯುಗುಳಿ ಶತ್ರುಗಳನ್ನು ಬೂದಿಮಾಡುತ್ತದೆ. ಆ ಮಗುವಿನ ನಿಜನಾಮ ತೆಹಾನು. ತೆನಾರಳ ನಾಡಿನವರು ಒಂದು ಬಿಳಿಯ ನಕ್ಷತ್ರಕ್ಕೆ ಕೊಟ್ಟ ಹೆಸರು ಅದು. ಮನುಷ್ಯರೂ ಘಟಸರ್ಪಗಳೂ ಪೂರ್ವದಲ್ಲಿ ಒಂದೇ ಕುಲವೆಂಬ ಕಥೆಯನ್ನು ಮೊದಲೇ ಹೇಳಿ ಗ್ರಂಥಕರ್ತ್ರಿ ಇದಕ್ಕೆ ನೆಲ ಹದಮಾಡಿಟ್ಟಿದ್ದಾರೆ, ಸರಿ. ಆದರೂ, ಶಕ್ತಿಯಿಲ್ಲದೆ ಬಾಳುವುದು ಹೇಗೆಂದು ಇನ್ನೂರು ಪುಟಗಳುದ್ದಕ್ಕೂ ನಿಧಾನವಾಗಿ ತೋರಿಸಿದವರು ಕೊನೆಯ ಗಂಟನ್ನು ಬಿಡಿಸಲು ಮಹಾಶಕ್ತಿಯೊಂದನ್ನು ಆಕಾಶದಿಂದ ಕರೆಯಿಸಬೇಕೆ? ಹಾಗೆ ಕರೆಯಿಸದಿದ್ದರೆ ಅವರಿಬ್ಬರೂ ಸಾಯುತ್ತಿದ್ದರು, ಮೌಸಲವೇ ಆಗುತ್ತಿತ್ತು, ಎಂದು ಯಾರಾದರೂ ಹೇಳಬಹುದು. ಅದಕ್ಕೆ ನನ್ನಲ್ಲಿ ಪ್ರತ್ಯುತ್ತರವಿಲ್ಲ. ಅಸಮಾಧಾನ ಮಾತ್ರ ಉಳಿದಿದೆ.

ಮೊಮ್ಮಗಳು ನನ್ನ ಬಲವಂತಕ್ಕೆ ಪುಸ್ತಕವನ್ನು ಮುಗಿಸಿದಳು. ಅವಳ ಅಭಿಪ್ರಾಯವೇನೂ ಬದಲಾಗಲಿಲ್ಲ. ಮೊದಲನೆಯ ಪುಸ್ತಕವೇ ಅವಳಿಗೆ ಉತ್ತಮ. "ಆದರೆ ತಾತ, ಇವನು ಅಡಗಿಕೊಂಡಾಗ ತೆನಾರಳಿಗೆ ಸಿಟ್ಟು ಬಂತಲ್ಲ, ಅದು ಮಾತ್ರ ಸರಿಯಾಗಿದೆ" ಎಂದಳು. ಒಳಗಿದ್ದ ನನ್ನ ಹೆಂಡತಿ, ಪುಸ್ತಕವನ್ನು ಓದದವಳು, "ಬರದೆ ಇರುತ್ತದೆಯೆ?" ಎಂದಳು. ಗೆಡ್ ಕೊನೆಗೆ ತೆನಾರಳೊಡನೆ ಓಗಿಯನ್ನನ ಹಳೆಯ ಮನೆಯಲ್ಲಿ ನಿಲ್ಲುತ್ತಾನೆ. ತೋಟದ ಮನೆ ಆ ದ್ವೀಪದ ಪದ್ಧತಿಯಂತೆ ಹಡಗಿನಿಂದ ಹಿಂದಿರುಗಿದ ಮಗನ ಪಾಲಾಗಿದೆ. ಇವರಿಗೆ ಉಳಿದುದು ನಾಲ್ಕು ಆಡು, ಒಂದು ಹಿತ್ತಲು, ಆ ಮಗು. 2001ರ ಕೊನೆಯ ಕಾದಂಬರಿಯಲ್ಲಿ ತೆನಾರಳೂ ತೆಹಾನುವೂ ರಾಜನ ಸಹಾಯಕ್ಕೆ ರಾಜಧಾನಿಗೆ ಹೋಗುತ್ತಾರೆ. ಒಂದು ಕಾಲದ ಮಾಂತ್ರಿಕಾಧಿಪತಿ ಮನೆ ನೋಡಿಕೊಂಡು ಹಿತ್ತಲಿನ ಗಿಡಗಳಿಗೆ ನೀರೆರೆಯುತ್ತ ಅವರು ಬರುವುದನ್ನು ಕಾಯುತ್ತಾನೆ. ಅಲ್ಲಿ ಅವನು ಅಳುವುದಿಲ್ಲ.

ಹೋದ ತಿಂಗಳು ಅಕ್ಕ ನಮ್ಮ ಮನೆಗೆ ಬಂದಿದ್ದಳು. ಎಪ್ಪತ್ತರ ಹತ್ತಿರ ವಯಸ್ಸು, ಕಣ್ಣು ಮಂಜು, ಅಕ್ಕಿ ಆರಿಸುವ ಕೆಲಸವನ್ನು ಈಗ ಯಾರೂ ಆಕೆಗೆ ಕೊಡುವುದಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಮೊಮ್ಮಗಳ ಎದುರಿನಲ್ಲಿ ಆ ಕಿಟಕಿಯ ಸಂಗತಿಯನ್ನು ಹೇಳಿದೆನು. ಆಕೆಗೆ ಆ ದಿನದ ನೆನಪೇ ಇರಲಿಲ್ಲ, ಅಥವಾ ಇಲ್ಲವೆಂದು ಹೇಳಿದಳು. "ಅದಕ್ಕೇನೋ ಈಗ? ನೀನು ಓದಿದೆ, ಮನೆಗೆ ಒಳ್ಳೆಯದಾಯಿತು" ಎಂದಳು. ಮೊಮ್ಮಗಳು ಬಿಡಲಿಲ್ಲ. "ಅಜ್ಜಿ, ಇನ್ನೂ ಬರುತ್ತದೆಯೆ, ಹೇಳಿ ನೋಡೋಣ" ಎಂದು ಪೀಡಿಸಿದಳು. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, ಕಣ್ಣು ಮುಚ್ಚಿ, ಆ ವರ್ಗವನ್ನು ಮೊದಲಿನಿಂದ ಪ್ರಾರಂಭಿಸಿದಳು. ಹದಿನೈದು ಇಪ್ಪತ್ತು ಶ್ಲೋಕಗಳು ಸರಾಗವಾಗಿ ಬಂದುವು. ಗಿಡಮರಗಳ ಹೆಸರುಗಳು ಒಂದರ ಹಿಂದೆ ಒಂದು. ಒಂದೆಡೆ ತಡೆದು ನಿಂತು, ನನ್ನ ಕಡೆಗೆ ತಿರುಗಿ, "ಮುಂದೇನೋ?" ಎಂದಳು.

ನನಗೆ ಬರಲಿಲ್ಲ. ಮೊಮ್ಮಗಳು ಎದ್ದು ಬೀರುವಿನಲ್ಲಿ ಪುಸ್ತಕವನ್ನು ಹುಡುಕಲು ಹೋದಳು.